ಸಕ್ರಿ ಬಿಡೋದು ಹೆಂಗ: ದಿನಕ್ಕ ಆರು ಚಾ ಕುಡಿಯೋರಿಗೆ ಬಳ್ಳಾರಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ಬಳ್ಳಾರಿನಾಗ ಒಂದು ಜೀನ್ಸ್ ಹೊಲಿಯೋ ಯುನಿಟ್ಟಿನ ಲೆಕ್ಕ ಬರಿಯೋಳು ನಾನು. ಮುಂಜಾನೆ ಹತ್ತಕ್ಕ ಕುಂತ್ರ ಸಂಜಿ ಏಳಕ್ಕ ಏಳೋದು, ನಡುವ ಚಾ ಹುಡುಗ ಕೆಟಲ್ ಹಿಡ್ಕೊಂಡು ಮೂರು ಸಲ ಬರ್ತಾನ, ಮನಿಯಾಗ ಎದ್ದ ಕೂಡ್ಲೆ ಒಂದು, ಹೊರಡೋವಾಗ ಒಂದು, ವಾಪಸ್ ಬಂದ ಮ್ಯಾಲ ಒಂದು, ಒಟ್ಟು ಆರು. ಎರಡು ವರ್ಷದ ಹಿಂದ ಎಚ್‌ಬಿಎ1ಸಿ ಅಂತ ರಕ್ತದಾಗಿನ ಸಕ್ರಿ ನೋಡೋ ಟೆಸ್ಟ್ ಮಾಡಿಸಿದಾಗ 6.1 ಬಂತು. 5.7ರಿಂದ 6.4ರ ತನಕ ಇದ್ರ ಶುಗರ್ ಬರೋ ದಾರಿಯಾಗ ಅದೀರಿ ಅಂತ, 6.5 ಆದ್ರ ಬಂದೈತಿ ಅಂತ. ನಮ್ಮಪ್ಪಗ ಶುಗರ್‌ನಿಂದ ಕಾಲ ಬೆರಳು ತೆಗೆದಿದ್ದು ನೋಡಿದೋಳು ನಾನು, ದಿನಾ ಆ ಗಾಯದ ಬ್ಯಾಂಡೇಜ್ ಬಿಚ್ಚಿ ಕಟ್ಟಿದೋಳೂ ನಾನ, ಆ ರಿಪೋರ್ಟ್ ಹಾಳಿ ಕೈಯಾಗ ಹಿಡ್ಕೊಂಡಾಗ ಕಣ್ಣ ಮುಂದ ಬಂದಿದ್ದು ಅಪ್ಪನ ಕಾಲ. 2023ರಾಗ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸರ್ವೇ ಲೆಕ್ಕದಾಗ ದೇಶದಾಗ 10.1 ಕೋಟಿ ಜನಕ್ಕ ಶುಗರ್ ಐತಿ, ಇನ್ನೂ 13.6 ಕೋಟಿ ಜನ ನನ್ನಂಗ ಹೊಸ್ತಿಲ ಮ್ಯಾಲ ನಿಂತಾರ. ಬರೀ ಸಕ್ರಿ ತಿಂದಿದ್ದಕ್ಕ ಶುಗರ್ ಬರ್ತೈತಿ ಅಂತ ನೇರ ಲೆಕ್ಕ ಇಲ್ಲ, ಮನಿತನ, ತೂಕ, ಕುಂತು ಮಾಡೋ ಕೆಲಸ, ನಿದ್ದಿ ಎಲ್ಲಾ ಸೇರ್ತೈತಿ, ಆದ್ರ ಅವತ್ತೇ ಕೈ ಹಾಕಿ ಸರಿ ಮಾಡೋಕೆ ಆಗೋದು ಅಂದ್ರ ಸಕ್ರಿ ಡಬ್ಬಿ ಒಂದೇ ಇತ್ತು.

ಎರಡು ಸಲ ಬಿಟ್ಟೆ, ಎರಡು ಸಲಾನೂ ಹತ್ತು ದಿನ ದಾಟಲಿಲ್ಲ. ಮೂರನೇ ಸಲ ಗೊತ್ತಾಗಿದ್ದು ಏನಂದ್ರ, ಸಿಹಿ ಬೇಕು ಅನ್ನೋದು ಇಡೀ ದಿನ ಇರಂಗಿಲ್ಲ, ಅದಕ್ಕ ಒಂದು ಹೊತ್ತು ಐತಿ, ಬಸ್ ಬಂದಂಗ ಟೈಮಿಗೆ ಬರ್ತೈತಿ, ಸ್ವಲ್ಪ ಹೊತ್ತು ನಿಂತು ಹೋಗ್ತೈತಿ. ನಾಲಿಗಿ ಜೊತಿ ಜಗಳ ಆಡೋ ಬದಲಿ ಆ ಹೊತ್ತು ಹಿಡೀಬೇಕು. ಕೆಳಗ ಬರ್ದಿರೋದೆಲ್ಲಾ ಅದರ ಮ್ಯಾಲೇ ನಿಂತೈತಿ.

ಶುರು ಮಾಡೋಕಿಂತ ಮೊದ್ಲು: ಮಾತ್ರಿ, ಇನ್ಸುಲಿನ್ ತಗೊಳ್ಳೋರು ಇದನ್ನ ಓದ್ರಿ

ಶುಗರ್ ಇದ್ದು ಇನ್ಸುಲಿನ್ ತಗೊಳ್ಳೋರು, ಗ್ಲಿಮೆಪಿರೈಡ್ ತರದ ಶುಗರ್ ಇಳಿಸೋ ಮಾತ್ರಿ ನುಂಗೋರು ಡಾಕ್ಟರಿಗೆ ಹೇಳದಂಗ ಒಮ್ಮೆಲೆ ಸಕ್ರಿ, ಅನ್ನ ಎಲ್ಲಾ ಕಡಿಮಿ ಮಾಡಬ್ಯಾಡ್ರಿ. ಔಷಧ ಅಷ್ಟೇ ಇದ್ದು ಊಟ ಕಮ್ಮಿ ಆದ್ರ ರಕ್ತದಾಗ ಸಕ್ರಿ 70 ಎಂಜಿ/ಡಿಎಲ್‌ಗಿಂತ ಕೆಳಗ ಇಳೀಬಹುದು, ಮೈ ಬೆವರ್ತೈತಿ, ಕೈ ನಡಗ್ತಾವ, ಹಸಿವು ಉಕ್ಕಿ ಬರ್ತೈತಿ, ಮಾತು ತೊದಲ್ತೈತಿ. ಆವಾಗ "ನಾನು ಸಕ್ರಿ ಬಿಟ್ಟೀನಿ" ಅಂತ ಕುಂದ್ರಬಾರ್ದು, ಎಚ್ಚರ ಇದ್ದು ನುಂಗೋಕೆ ಬಂದ್ರ ಕೂಡ್ಲೆ ಮೂರು ಚಮಚ ಸಕ್ರಿ ನೀರಾಗ ಕಲಿಸಿ ಕುಡೀಬೇಕು, 15 ನಿಮಿಷ ಬಿಟ್ಟು ಮತ್ತ ಚೆಕ್ ಮಾಡ್ಬೇಕು. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ್ರಿ, ದವಾಖಾನಿಗೆ ಓಡ್ರಿ. ಇದನ್ನ ಮನಿಯಾಗಿನೋರಿಗೂ ಹೇಳಿಡ್ರಿ. ಗರ್ಭಿಣಿ ಹೆಣ್ಮಕ್ಕಳೂ ಅಷ್ಟೇ, ಡಾಕ್ಟರ್ ಕೇಳಿನೇ ಮಾಡ್ರಿ.

ಹೆಜ್ಜೆ 1: ಮೂರು ದಿನ ಏನೂ ಬಿಡಬ್ಯಾಡ್ರಿ, ಬರೀ ಬರೀರಿ

ಒಂದು ಸಣ್ಣ ನೋಟ್‌ಬುಕ್ ಇಟ್ಕೊಳ್ರಿ, ಮೊಬೈಲಾಗ ಆದ್ರೂ ಸರಿ. ಸಿಹಿ ಬಾಯಿಗೆ ಹೋದಾಗೆಲ್ಲಾ ನಾಕು ಮಾತು ಬರೀರಿ, ಎಷ್ಟು ಗಂಟೆ, ಏನು ತಿಂದ್ರಿ, ಯಾರ ಜೊತಿ ಇದ್ರಿ, ಅದಕ್ಕಿಂತ ಮೊದ್ಲು ಏನು ನಡೀತು. ಈ ಕಡೀ ಪ್ರಶ್ನೆನೇ ಮುಖ್ಯ. ನನ್ನ ಮೂರು ದಿನದ ಹಾಳಿಯಾಗ ಮೂರೂ ದಿನ ನಾಕು ಗಂಟೆಗೆ ಬಿಸ್ಕೆಟ್ ಇತ್ತು, ಮೂರೂ ದಿನ ಮಧ್ಯಾಹ್ನ ಊಟಕ್ಕ ಬರೀ ಅನ್ನ ಸಾರು ಇತ್ತು. ರಾತ್ರಿ ಒಂಬತ್ತುವರಿಗೆ ಬೆಲ್ಲ ಶೇಂಗಾ, ಅದು ಮಕ್ಕಳು ಮಲಗಿದ ಮ್ಯಾಲ, ಮನಿ ತಣ್ಣಗಾದಾಗ, ಆ ಹೊತ್ತು ನನ್ನದು ಅಂತ ಅನ್ನಿಸೋದು ಅದೊಂದೇ ಹೊತ್ತು ಆಗಿತ್ತು.

ಆಮೇಲೆ ಲೆಕ್ಕ ಹಾಕ್ರಿ. ಒಂದು ಚಮಚ ಸಕ್ರಿ ಅಂದ್ರ ನಾಕರಿಂದ ಐದು ಗ್ರಾಂ. ಆರು ಚಾಕ್ಕ ಎರಡೆರಡು ಚಮಚ ಅಂದ್ರೂ 12 ಚಮಚ, ಹತ್ರ ಹತ್ರ 50 ಗ್ರಾಂ ಬರೀ ಚಾದಾಗ ಹೋಯ್ತು. ವಿಶ್ವ ಆರೋಗ್ಯ ಸಂಸ್ಥೆ 2015ರಾಗ ಹೇಳಿದ್ದು, ದಿನದ ಕ್ಯಾಲೊರಿನಾಗ ಹತ್ತು ಪರ್ಸೆಂಟ್‌ಗಿಂತ ಕಮ್ಮಿ ಇರ್ಲಿ, ಐದು ಪರ್ಸೆಂಟ್‌ಗೆ ಇಳಿಸಿದ್ರ ಇನ್ನೂ ಚಲೋ ಅಂತ, ಐದು ಅಂದ್ರ 25 ಗ್ರಾಂ, ಆರು ಚಮಚ. ಬೆಲ್ಲ, ಜೇನು, ಹಣ್ಣಿನ ಜ್ಯೂಸ್ ಎಲ್ಲಾ ಇದರಾಗೇ ಸೇರಿದ್ದು. ಇಡೀ ಹಣ್ಣು, ಹಾಲಿನಾಗ ತಾನಾಗೇ ಇರೋ ಸಿಹಿ ಇದರಾಗ ಬರಂಗಿಲ್ಲ.

ಹೆಜ್ಜೆ 2: ಚಾ ಬಿಡಬ್ಯಾಡ್ರಿ, ಚಾದಾಗಿನ ಸಕ್ರಿ ಇಳಿಸ್ರಿ

ಇಲ್ಲೇ ನಾನು ಮೊದ್ಲನೇ ಸಲ ಎಡವಿದ್ದು. ಸೋಮವಾರ ಚಾ, ಸಕ್ರಿ ಎರಡೂ ಒಟ್ಟಿಗೆ ಬಿಟ್ಟೆ, ಬುಧವಾರ ತಲಿ ಒಡದು ಹೋಗೋವಷ್ಟು ನೋವು, ಮಕ್ಕಳ ಮ್ಯಾಲ ಸಿಟ್ಟು, ಸಕ್ರಿ ಇಲ್ದ ಹಿಂಗಾಗ್ತೈತಿ ಅಂತ ಎಲ್ರೂ ಹೇಳಿದ್ರು. ಅದರಾಗ ದೊಡ್ಡ ಪಾಲು ಕೆಫೀನ್‌ದು, ಆರು ಚಾ ಕುಡಿಯೋ ಮೈಗೆ ಒಮ್ಮೆಲೆ ಚಾ ನಿಲ್ಲಿಸಿದ್ರ ಭಾಳ ಮಂದಿಗೆ ಕೆಲವು ದಿನ ತಲಿನೋವು ಬರ್ತೈತಿ. ಎರಡು ಯುದ್ಧ ಒಂದೇ ದಿನ ಶುರು ಮಾಡಬ್ಯಾಡ್ರಿ.

ವಾರಕ್ಕ ಅರ್ಧ ಚಮಚ ಇಳಿಸ್ರಿ. ಎರಡು ಇದ್ದದ್ದು ಒಂದೂವರಿ, ಮುಂದಿನ ವಾರ ಒಂದು, ಆಮೇಲೆ ಅರ್ಧ. ಸೊನ್ನೆಗೆ ಬರೋಕೆ ಒಂದು ತಿಂಗಳು ಹಿಡೀತೈತಿ, ಹಿಡೀಲಿ. ಚಮಚ ಒಂದೇ ಇರ್ಲಿ, ಅದನ್ನ ಡಬ್ಬಿಯಾಗೇ ಇಡ್ರಿ, ತಲಿ ಕಟ್ಟಿ ಹಾಕಬ್ಯಾಡ್ರಿ, ಬೆರಳಿಂದ ಸಮ ಮಾಡಿ ಹಾಕ್ರಿ.

ಇನ್ನೊಂದು ಮಾತು, ಇದನ್ನ ಯಾರೂ ನನಗ ಹೇಳಿರಲಿಲ್ಲ. ಸಕ್ರಿ ಇಳಿಸಿದಂಗ ಚಾಪುಡಿನೂ ಇಳಿಸ್ಬೇಕು. ನಮ್ಮ ಕಡಿ ಚಾ ಅಂದ್ರ ಕುದಿಸಿ ಕುದಿಸಿ ಕರ್ರಗ ಮಾಡ್ತೀವಿ, ಆ ಒಗರು ಮುಚ್ಚೋಕೇ ಅಷ್ಟು ಸಕ್ರಿ ಬೇಕಾಗೋದು. ಪುಡಿ ಸ್ವಲ್ಪ ಕಮ್ಮಿ, ಕುದಿಸೋದು ಎರಡು ನಿಮಿಷ, ಹಾಲು ಒಂದು ಚೂರು ಜಾಸ್ತಿ, ಏಲಕ್ಕಿ ಇಲ್ಲಾ ಹಸಿಶುಂಠಿ ಇಲ್ಲಾ ಮಜ್ಜಿಗಿ ಹುಲ್ಲು ಹಾಕ್ರಿ. ಹಾಲಿಗೂ ತನ್ನದೊಂದು ಸಿಹಿ ಐತಿ, ಸಕ್ರಿ ಗದ್ಲ ಕಮ್ಮಿ ಆದ ಮ್ಯಾಲ ಅದು ನಾಲಿಗಿಗೆ ಗೊತ್ತಾಗ್ತೈತಿ.

ಅಂಗಡಿ ಚಾ ಮಾತ್ರ ಕಷ್ಟ, ಯಾಕಂದ್ರ ಅಲ್ಲಿ ಸಕ್ರಿ ಹಾಕೇ ಕುದಿಸಿರ್ತಾರ, ಕಮ್ಮಿ ಮಾಡೋಕೆ ಬರಂಗಿಲ್ಲ. ನಾನು ಮೊದ್ಲ ಎರಡು ವಾರ ಬೈ ಟೂ ಮಾಡಿದೆ, ಪಕ್ಕದ ಟೇಬಲ್ಲಿನ ಅಕ್ಕಾರ ಜೊತಿ ಒಂದೇ ಕಪ್ಪು ಹಂಚ್ಕೊಂಡೆ. ಆಮೇಲೆ ಚಾ ಅಂಗಡಿಗೆ ಹೋಗಿ ನೇರ ಹೇಳಿದೆ, "ಅಣ್ಣಾ, ನನಗೊಂದು ಸಕ್ರಿ ಇಲ್ಲದ್ದು ಬ್ಯಾರೆ ಮಾಡಿ ಕಳಿಸ್ರಿ, ದಿನಾ ಬೇಕು." ಅವರು, "ಶುಗರ್ ಬಂತೇನವ್ವಾ?" ಅಂದ್ರು. "ಬರಬಾರ್ದು ಅಂತನ ಅಣ್ಣಾ" ಅಂದೆ. ಈಗ ಆ ಕೆಟಲ್ ಜೊತಿ ಒಂದು ಸಣ್ಣ ಫ್ಲಾಸ್ಕ್ ಬರ್ತೈತಿ, ನಮ್ಮ ಯುನಿಟ್‌ನಾಗ ಐದು ಮಂದಿ ಅದರಾಗಿಂದೇ ಕುಡೀತೀವಿ. ನಾಚ್ಕೊಳ್ದ ಕೇಳ್ರಿ, ಅಂಗಡಿಯೋರಿಗೆ ಇದು ಹೊಸಾದೇನಲ್ಲ.

ಹೆಜ್ಜೆ 3: ಮನಿಯಾಗಿನ ಡಬ್ಬಿ ತೆಗೆದು ನೋಡ್ರಿ

ಪ್ಯಾಕೆಟ್ ಹಿಂದ ಓದೋದು ಕಲೀರಿ. ಸಾಮಾನಿನ ಪಟ್ಟಿಯಾಗ ಯಾವುದು ಜಾಸ್ತಿ ಐತೋ ಅದು ಮೊದ್ಲು ಇರ್ತೈತಿ, ಮೊದ್ಲ ಮೂರರಾಗ ಸಕ್ರಿ ಇದ್ರ ಅದು ಸಿಹಿ ತಿಂಡಿನೇ, ಪ್ಯಾಕೆಟ್ ಮ್ಯಾಲ ಗೋದಿ, ರಾಗಿ ಚಿತ್ರ ಇದ್ರೂ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಅಂತ ಬರ್ದಿದ್ರ ಅದೂ ಸಕ್ರಿನೇ, ಹೆಸರು ಬ್ಯಾರೆ. ಮಾರಿ ಬಿಸ್ಕೆಟ್ ಸಪ್ಪಗಿರ್ತೈತಿ ಅಂತ ಶುಗರ್ ಇದ್ದೋರಿಗೂ ಕೊಡ್ತೀವಿ, ಅದರಾಗೂ 100 ಗ್ರಾಂಗೆ 20 ಗ್ರಾಂ ಮ್ಯಾಲೇ ಸಕ್ರಿ ಇರ್ತೈತಿ. ಟೊಮೆಟೊ ಸಾಸ್, ಮಕ್ಕಳ ಹಾಲಿಗೆ ಕಲಿಸೋ ಪುಡಿ, ಬೇಕರಿ ಟೋಸ್ಟು, ಬನ್ನು ಎಲ್ಲಾ ಇದೇ ಕಥಿ. ಕೋಲಾ ತರದ್ದು 100 ಎಂಎಲ್‌ಗೆ ಹತ್ತು ಹನ್ನೊಂದು ಗ್ರಾಂ, ಅಂದ್ರ ಒಂದು ಸಣ್ಣ ಬಾಟ್ಲಿಯಾಗೇ ಆರೇಳು ಚಮಚ.

ಬೆಲ್ಲದ ವಿಷಯ ಬಿಡಿಸಿ ಹೇಳ್ತೀನಿ, ಯಾಕಂದ್ರ ಎರಡನೇ ಸಲ ನಾನು ಸೋತಿದ್ದು ಅಲ್ಲೇ. ಸಕ್ರಿ ಬಿಟ್ಟು ಬೆಲ್ಲ ಹಿಡಿದೆ, ಮನಸ್ಸಿಗೆ ಸಮಾಧಾನ, ಹಂಗಾಗಿ ಇನ್ನೂ ಜಾಸ್ತಿ ತಿಂದೆ. ಬೆಲ್ಲದಾಗ ಒಂಚೂರು ಖನಿಜ ಅದಾವ ನಿಜ, ಆದ್ರ ಅದರ ಬಹುಪಾಲು ಸುಕ್ರೋಸ್, ಸಕ್ರಿಯಾಗ ಇರೋದೇ. ರಕ್ತಕ್ಕ ಹೋದ ಮ್ಯಾಲ ಇದು ಕಬ್ಬಿನ ಬೆಲ್ಲ, ಇದು ಸಕ್ರಿ ಅಂತ ಮೈ ಫರಕು ಮಾಡಂಗಿಲ್ಲ. ಜೇನಿಗೂ ಅದೇ ಮಾತು. ಸಕ್ರಿ ಬದಲಿ ಹಾಕೋ ಸಿಹಿ ಮಾತ್ರಿ, ಸ್ಟೀವಿಯಾ (ಸಿಹಿ ಎಲಿಯಿಂದ ಮಾಡಿದ್ದು) ಬಗ್ಗೆ ಕೇಳ್ತೀರಿ, ವಿಶ್ವ ಆರೋಗ್ಯ ಸಂಸ್ಥೆ 2023ರಾಗ ತೂಕ ಇಳಿಸೋಕೆ ಅಂತ ಇವನ್ನ ನಂಬಬ್ಯಾಡ್ರಿ ಅಂದೈತಿ, ಈಗಾಗ್ಲೇ ಶುಗರ್ ಇರೋರಿಗೆ ಆ ಮಾತು ಹೇಳಿಲ್ಲ, ಅವರು ಡಾಕ್ಟರ್ ಕೇಳ್ರಿ. ನನ್ನ ಅಭಿಪ್ರಾಯ, ನಾಲಿಗಿಗೆ ಅಷ್ಟೇ ಸಿಹಿ ಕೊಡ್ತಾ ಹೋದ್ರ ಆ ನಾಲಿಗಿ ಬದಲಾಗಂಗಿಲ್ಲ.

ಹೆಜ್ಜೆ 4: ನಾಕು ಗಂಟೆ ಚಪಲಕ್ಕ ಔಷಧ ಒಂದು ಗಂಟೆ ಊಟದಾಗ ಐತಿ

1953ರಾಗ ತುಂಗಭದ್ರಾ ಡ್ಯಾಮ್ ಆಗಿ ಕಾಲುವಿ ನೀರು ಬಂದ ಮ್ಯಾಲ ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡಿ ನೆಲ ಎಲ್ಲಾ ಭತ್ತ ಆಯ್ತು, ನಮ್ಮ ಅಜ್ಜಿ ಕಾಲದಾಗ ಹಬ್ಬಕ್ಕ ಮಾತ್ರ ಕಾಣೋ ಅನ್ನ ಈಗ ಎರಡೂ ಹೊತ್ತು ಗಂಗಾಳದ ತುಂಬ ಇರ್ತೈತಿ. ಬರೀ ಬಿಳಿ ಅನ್ನ, ತಿಳಿ ಸಾರು ಉಂಡ್ರ ರಕ್ತದಾಗ ಸಕ್ರಿ ಬೇಗ ಏರ್ತೈತಿ, ಅದನ್ನ ಇಳಿಸೋಕೆ ಇನ್ಸುಲಿನ್ ಬರ್ತೈತಿ, ಎರಡು ಮೂರು ತಾಸಿಗೆ ಮೈ ಜೋತು ಬೀಳ್ತೈತಿ, ಆವಾಗ ಮನಸ್ಸು ಸಿಹಿ ಹುಡುಕ್ತೈತಿ. ನನ್ನ ನಾಕು ಗಂಟೆ ಬಿಸ್ಕೆಟ್ ಹುಟ್ಟಿದ್ದು ಒಂದು ಗಂಟೆ ಗಂಗಾಳದಾಗ.

ಹಂಗಾಗಿ ನಾನು ಬುತ್ತಿ ಬದಲಿ ಮಾಡಿದೆ. ಎರಡು ಜ್ವಾಳದ ರೊಟ್ಟಿ, ಹೆಸರುಕಾಳು ಇಲ್ಲಾ ಮಡಿಕಿಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಜೊತಿಗೆ ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತ್ಯೆಸೊಪ್ಪು ಏನಿರ್ತೈತೋ ಅದು. ಆಮೇಲೆ ಅನ್ನ ಬೇಕಂದ್ರ ಒಂದು ಹಿಡಿ. ಕಾಳು, ಮೊಸರು, ಶೇಂಗಾದಾಗಿನ ಪ್ರೋಟೀನು ಹೊಟ್ಟಿಯಾಗ ನಿಧಾನ ಕರಗ್ತೈತಿ, ಹಸಿವು ತಡೀತೈತಿ. ಮೊಟ್ಟಿ ತಿನ್ನೋರು ಮುಂಜಾನೆ ಎರಡು ಬೇಯಿಸಿ ತಿನ್ರಿ. ನಮ್ಮೂರಾಗ ಮುಂಜಾನೆ ಒಗ್ಗರಣಿ ಮಿರ್ಚಿ ಬಿಡೋದು ಆಗಂಗಿಲ್ಲ ಅಂತ ನನಗೂ ಗೊತ್ತು, ವಾರಕ್ಕ ಒಂದು ದಿನ ಇಟ್ಕೊಳ್ರಿ, ಮಂಡಕ್ಕಿಗೆ ಪುಟಾಣಿ ಪುಡಿ, ಶೇಂಗಾ ಜಾಸ್ತಿ ಹಾಕ್ರಿ.

ಈ ಒಂದು ಬದಲಾವಣಿಗೆ ನನ್ನ ನಾಕು ಗಂಟೆ ಚಪಲ ಅರ್ಧ ಕಮ್ಮಿ ಆತು, ಎಂಟು ದಿನದಾಗ. ನಿದ್ದಿನೂ ನೋಡ್ರಿ, ಐದು ತಾಸು ಮಲಗಿದ ಮರುದಿನ ಹಸಿವು ಜಾಸ್ತಿ, ಸಿಹಿ ಮ್ಯಾಲೇ ಆಸಿ ಜಾಸ್ತಿ, ನಿದ್ದಿ ಕಮ್ಮಿ ಆದ್ರ ಹಸಿವಿನ ಹಾರ್ಮೋನ್ ಏರ್ತೈತಿ, ಹೊಟ್ಟಿ ತುಂಬಿತು ಅಂತ ಹೇಳೋದು ಇಳೀತೈತಿ.

ಹೆಜ್ಜೆ 5: ಚಪಲ ಬಂದೇ ಬಂತು, ಈಗ ಏನು ಮಾಡ್ಲಿ

ಮೊದ್ಲು ಒಂದು ಪ್ರಶ್ನೆ ಕೇಳ್ಕೊಳ್ರಿ, "ಈಗ ಯಾರಾದ್ರೂ ರೊಟ್ಟಿ ಪಲ್ಯ ಕೊಟ್ರ ತಿಂತೀನಾ?" ತಿಂತೀನಿ ಅಂದ್ರ ಅದು ಹಸಿವು, ಏನಾದ್ರೂ ತಿನ್ರಿ, ತಡಿಬ್ಯಾಡ್ರಿ. ಹುರಿದ ಶೇಂಗಾ ಒಂದು ಹಿಡಿ, ಪುಟಾಣಿ, ಒಂದು ಪ್ಯಾರಲ ಹಣ್ಣು. ರೊಟ್ಟಿ ಬ್ಯಾಡ, ಪೇಡೇನೇ ಬೇಕು ಅಂತ ಅನ್ನಿಸಿದ್ರ ಅದು ಚಪಲ. ಅದು 15, 20 ನಿಮಿಷಕ್ಕಿಂತ ಜಾಸ್ತಿ ಜೋರಾಗಿ ನಿಲ್ಲಂಗಿಲ್ಲ, ನನಗ ಯಾವಾಗ್ಲೂ ನಿಂತಿಲ್ಲ. ಗಡಿಯಾರ ನೋಡ್ರಿ, "ಇಪ್ಪತ್ತು ನಿಮಿಷ ಆದ ಮ್ಯಾಲೂ ಬೇಕಂದ್ರ ತಿಂತೀನಿ" ಅಂತ ಮನಸ್ಸಿಗೆ ನಿಜವಾಗ್ಲೂ ಮಾತು ಕೊಡ್ರಿ, ಸುಳ್ಳು ಹೇಳಬ್ಯಾಡ್ರಿ, ಬ್ಯಾಡ ಅಂತ ಗಟ್ಟಿ ಬಾಗಿಲು ಹಾಕಿದ್ರ ಅದು ಇನ್ನೂ ಜೋರಾಗಿ ಬಡೀತೈತಿ.

ಆ ಇಪ್ಪತ್ತು ನಿಮಿಷದಾಗ ಎದ್ದು ನಡೀರಿ, ಜಾಗ ಬದಲಿ ಆಗ್ಲಿ. ನಾನು ಯುನಿಟ್ಟಿನ ಮೆಟ್ಲ ಹತ್ತಿ ಇಳೀತೀನಿ, ಗೋಡೌನ್ ತನಕ ಹೋಗಿ ಬರ್ತೀನಿ. ಬಾಯಿಗೆ ಬ್ಯಾರೆ ಕೆಲಸ ಕೊಡ್ರಿ, ಬಡೇಸೋಪು, ಒಂದು ಲವಂಗ, ಉಪ್ಪು ಹಚ್ಚಿದ ನೆಲ್ಲಿಕಾಯಿ, ನಮ್ಮ ಕಡಿ ನಾಲಿಗಿಗೆ ಹುಳಿ ಖಾರ ಕೊಟ್ರ ಸಿಹಿ ನೆನಪು ಬೇಗ ಹೋಗ್ತೈತಿ. ರಾತ್ರಿ ಚಪಲಕ್ಕ ಊಟ ಆದ ಕೂಡ್ಲೆ ಹಲ್ಲು ಉಜ್ಜೋದು ಎಲ್ಲಕ್ಕಿಂತ ಚಲೋ ಕೆಲಸ ಮಾಡ್ತು, ಉಜ್ಜಿದ ಮ್ಯಾಲ ತಿನ್ನೋಕೆ ಮನಸ್ಸು ಬರಂಗಿಲ್ಲ.

ದುಃಖದ ಚಪಲ ಬ್ಯಾರೆ. ಅಪ್ಪ ತೀರಿಹೋದ ಮ್ಯಾಲ ನನ್ನ ರಾತ್ರಿ ಬೆಲ್ಲ ಶೇಂಗಾ ಶುರು ಆಗಿದ್ದು ಅಂತ ಆ ನೋಟ್‌ಬುಕ್ ಬರಿಯೋವಾಗ ಗೊತ್ತಾತು, ಅಲ್ಲಿ ತನಕ ಗೊತ್ತೇ ಇರ್ಲಿಲ್ಲ. ಅದಕ್ಕ ನೆಲ್ಲಿಕಾಯಿ ಸಾಲಂಗಿಲ್ಲ. ಒಂಬತ್ತುವರಿಗೆ ನಮ್ಮ ಅಕ್ಕಗ ಫೋನ್ ಮಾಡೋಕೆ ಶುರು ಮಾಡಿದೆ, ಹತ್ತು ನಿಮಿಷ ಮಾತಾಡ್ತೀವಿ, ಅಪ್ಪನ ಮಾತು ಬರ್ತಾವ, ಅಳ್ತೀವಿ, ನಗ್ತೀವಿ. ನಿಮ್ಮ ಹಾಳಿಯಾಗ ಅಂತಾ ಹೊತ್ತು ಇದ್ರ ಅದನ್ನ ಬರೀ ತಿನ್ನೋ ಚಟ ಅಂತ ಬೈಕೊಳ್ಳಬ್ಯಾಡ್ರಿ.

ಹೆಜ್ಜೆ 6: ಬ್ಯಾಸಿಗಿ

ಏಪ್ರಿಲ್, ಮೇದಾಗ ರಾಯಚೂರು, ಬಳ್ಳಾರಿ ಬಿಸಿಲು 40 ದಾಟ್ತೈತಿ, ಆವಾಗ ನೀರಡಿಕಿನೇ ಸಿಹಿ ಆಸಿ ಆಗಿ ಕಾಣ್ತೈತಿ. ಮೊದ್ಲು ಎರಡು ಗ್ಲಾಸ್ ಗಡಿಗಿ ನೀರು ಕುಡೀರಿ, ಆಮೇಲೆ ನೋಡ್ರಿ. ನನ್ನಾರಿ ಶರಬತ್ತು, ಕಬ್ಬಿನ ಹಾಲು, ಸಿಹಿ ಸೋಡಾ ಇವೆಲ್ಲಾ ಕುಡಿಯೋ ಸಕ್ರಿ, ತಿನ್ನೋದಕ್ಕಿಂತ ಜಲ್ದಿ ಒಳಗ ಹೋಗ್ತಾವ, ಹೊಟ್ಟಿನೂ ತುಂಬಂಗಿಲ್ಲ. ಕಬ್ಬಿನ ಹಾಲು ಒಂದು ಗ್ಲಾಸಂದ್ರ ಇಡೀ ದಿನದ 25 ಗ್ರಾಂ ಅದರಾಗೇ ಮುಗೀತು. ಉಪ್ಪು, ಜೀರಿಗಿ, ಕರಿಬೇವು ಹಾಕಿದ ನೀರು ಮಜ್ಜಿಗಿ, ಉಪ್ಪು ಹಾಕಿದ ನಿಂಬಿಹಣ್ಣಿನ ನೀರು ಸಾಕು. ಆದ್ರ ವಾಂತಿ ಭೇದಿ ಆದಾಗ ಓಆರ್‌ಎಸ್ ಬ್ಯಾಡ ಅನಬ್ಯಾಡ್ರಿ, ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರ್ತೈತಿ, ಕರುಳು ಉಪ್ಪು ನೀರು ಹೀರ್ಕೊಳ್ಳೋಕೆ ಅದು ಬೇಕೇ ಬೇಕು, ಅದು ಔಷಧ.

ಹಣ್ಣು ತಿನ್ರಿ, ಹಿಂಡಿ ಕುಡಿಬ್ಯಾಡ್ರಿ. ಕೊಪ್ಪಳದ ದಾಳಿಂಬ್ರಿ, ಪ್ಯಾರಲ, ನಮ್ಮ ಬಳ್ಳಾರಿ ಅಂಜೂರ ಹಸೀದು ಸಿಕ್ರ ಒಂದೆರಡು. ಒಣಗಿದ ಅಂಜೂರ ಲೆಕ್ಕ ಇಟ್ಟು ತಿನ್ರಿ, ನೀರು ಹೋಗಿ ಸಿಹಿ ಅಷ್ಟೂ ಉಳದಿರ್ತೈತಿ.

ಹೆಜ್ಜೆ 7: ಮಂದಿಗೆ ಹೆಂಗ ಹೇಳೋದು

ಎಲ್ಲಾದ್ರಾಗ ಕಷ್ಟದ್ದು ಇದೇ. ನಮ್ಮ ಕಡಿ ಸಕ್ರಿ ಅಂದ್ರ ಬರೀ ರುಚಿ ಅಲ್ಲ. ಗೌರಿ ಹುಣ್ಣಿಮಿಗೆ ಸಕ್ರಿ ಆರತಿ ತರ್ತಾರ, ಅಲಾಯಿ ಹಬ್ಬದಾಗ (ಮೊಹರಂ) ಪೀರಲ ದೇವರಿಗೆ ಸಕ್ರಿ ಓದಿಸ್ತೀವಿ, ಚೋಂಗೆ ಹಂಚ್ತಾರ, ಯುಗಾದಿಗೆ ಬೇವಿನ ಪಾನಕ, ಸಂಕ್ರಾಂತಿಗೆ ಕುಸುರೆಳ್ಳು, ಕೊಪ್ಪಳ ಗವಿಮಠದ ಜಾತ್ರಿ ದಾಸೋಹಕ್ಕ ಮಾದ್ಲಿ. ಇವನ್ನ ಒಲ್ಲೆ ಅಂದ್ರ ಮನುಷ್ಯರನ್ನೇ ಒಲ್ಲೆ ಅಂದಂಗ ಆಗ್ತೈತಿ. ಹಂಗಾಗಿ ನಾನು ಒಲ್ಲೆ ಅನ್ನೋ ಮಾತೇ ಬಿಟ್ಟೆ.

ಪ್ರಸಾದ ಬಂದ್ರ ಚಿಟಿಕಿ ತಗೊಂಡು ಕಣ್ಣಿಗೆ ಒತ್ಕೊಂಡು ಬಾಯಿಗೆ ಹಾಕ್ಕೊಳ್ತೀನಿ. ಬ್ಯಾರೆಯೋರ ಮನಿಗೆ ಹೋದಾಗ ಅವರು ಚಾಕ್ಕ ಇಡೋಕಿಂತ ಮೊದ್ಲೇ ಬ್ಯಾರೆ ಒಂದು ಕೇಳ್ತೀನಿ. ನಮ್ಮ ಸೋದರತ್ತಿ ಮನಿಯಾಗ ಹಿಂಗಾತು:

"ಕುಂದ್ರವ್ವಾ, ಚಾ ಇಡ್ತೀನಿ."

"ಅತ್ತಿ, ಚಾ ಬ್ಯಾಡ, ನಿನ್ನ ಕೈ ಮಜ್ಜಿಗಿ ಕುಡದು ಭಾಳ ದಿನ ಆತು, ಅದ ಕೊಡು."

ಅತ್ತಿ ಖುಷಿಯಿಂದ ಒಗ್ಗರಣಿನೂ ಹಾಕಿ ಕೊಟ್ಲು. ಕೊಡೋ ಕೈ ತಡಿಬಾರ್ದು, ಕೊಡೋದನ್ನ ಬದಲಿ ಮಾಡ್ಬೇಕು. ಮನಿಯೋರಿಗೆ ಮಾತ್ರ ನಿಜ ಹೇಳ್ರಿ, ರಿಪೋರ್ಟ್ ತೋರಿಸ್ರಿ. ನಮ್ಮ ಮನಿಯವರು ಮೊದ್ಲ ವಾರ ನನ್ನ ಮುಂದೇ ಜಿಲೇಬಿ ಪೊಟ್ಲ ಬಿಚ್ಚಿದ್ರು, ಅಪ್ಪನ ಕಾಲಿನ ಮಾತು ತೆಗೆದು ಒಂದು ಸಲ ಕುಂದ್ರಿಸಿ ಹೇಳಿದ ಮ್ಯಾಲ ತರೋದು ನಿಲ್ಲಿಸಿದ್ರು.

ಹಬ್ಬಕ್ಕ ಹೋಳಿಗಿ ತಿನ್ರಿ, ಊಟದ ನಡುವ, ಕಟ್ಟಿನ ಸಾರು, ಪಲ್ಯ ಜೊತಿ, ಒಂದು, ತುಪ್ಪ ಹಾಕ್ಕೊಂಡು, ಮನಸ್ಸು ಬಿಚ್ಚಿ. ನಮ್ಮನ್ನ ಕೆಡಿಸೋದು ಹಬ್ಬದ ದಿನ ಅಲ್ಲ, ಹಬ್ಬ ಆದ ಮ್ಯಾಲ ಡಬ್ಬಿಯಾಗ ಉಳಿಯೋ ಹತ್ತು ಹೋಳಿಗಿ. ಎಣಿಸಿ ಮಾಡ್ರಿ, ಉಳಿದದ್ದು ಅವತ್ತೇ ಸಂಜಿ ಹಂಚ್ರಿ. ಸಕ್ರಿ ಆರತಿ ಗೊಂಬಿಗಳನ್ನ ನಾವು ಪುಡಿ ಮಾಡಿ ಹದಿನೈದು ದಿನ ಚಾಕ್ಕ ಹಾಕ್ತಿದ್ವಿ, ಈ ಸಲ ಒಂದು ಆನಿ ದೇವರ ಮುಂದ ಇಟ್ಟು ಉಳಿದದ್ದು ಇರುವಿ ಗೂಡಿಗೆ ಹಾಕಿ ಬಂದೆ.

ಹೆಜ್ಜೆ 8: ಮುಂದ ಏನಾಗ್ತೈತಿ, ತಪ್ಪಿದ್ರ ಏನು ಮಾಡೋದು

ಮೊದ್ಲ ವಾರ ಕಿರಿಕಿರಿ, ಸುಸ್ತು. ಎರಡನೇ ವಾರ ಎಲ್ಲಾ ಸಪ್ಪ ಅನ್ನಿಸ್ತೈತಿ, ಭಾಳ ಮಂದಿ ಇಲ್ಲೇ ಬಿಡೋದು, ಇಲ್ಲಿ ಹಲ್ಲು ಕಚ್ಚಿ ಹಿಡೀರಿ. ನನಗ ನಾಕನೇ ವಾರ ಜ್ವಾಳದ ರೊಟ್ಟಿ ಅಗಿಯೋವಾಗ ಸಿಹಿ ಗೊತ್ತಾತು, ಗಜ್ಜರಿ ಸಿಹಿ ಅನ್ನಿಸ್ತು, ಮದುವಿ ಮನಿಯಾಗ ಬೂಂದಿ ಬಾಯಿಗಿಟ್ರ ಗಂಟಲು ಕಟ್ಟಿತು.

ತಪ್ಪೋದು ತಪ್ಪಿದ್ದಲ್ಲ. ತಂಗಿ ಮದುವಿಯಾಗ ಮೂರು ದಿನ ನಾನು ಲೆಕ್ಕ ಇಲ್ದಂಗ ತಿಂದೆ. ನಾಕನೇ ದಿನ ಮುಂಜಾನೆ ಉಪವಾಸ ಗಿಪವಾಸ ಏನೂ ಮಾಡ್ಲಿಲ್ಲ, ಉಪವಾಸ ಇದ್ರ ಸಂಜಿಗೆ ಮತ್ತ ಸಿಹಿಗೇ ಹೋಗ್ತೀವಿ. ಸಕ್ರಿ ಇಲ್ಲದ ಚಾ ಮಾಡ್ಕೊಂಡೆ, ರೊಟ್ಟಿ ಕಾಳುಪಲ್ಯ ಬುತ್ತಿ ಕಟ್ಟಿದೆ, ನೋಟ್‌ಬುಕ್ಕಿನಾಗ ಯಾವ ಹೊತ್ತಿಗೆ ಜಾರಿದೆ ಅಂತ ಬರ್ದೆ, ಅಷ್ಟೇ.

ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸ್ತೈತಿ, ಹಂಗಾಗಿ ಹದಿನೈದು ದಿನಕ್ಕ ಹೋಗಿ ಮಾಡಿಸಿ ನಿರಾಶಿ ಆಗಬ್ಯಾಡ್ರಿ, ಮೂರು ತಿಂಗಳು ಬಿಟ್ಟು ಮಾಡಿಸ್ರಿ. ನನಗ ಮೂರು ತಿಂಗಳಿಗೆ 5.9, ಒಂದು ವರ್ಷಕ್ಕ 5.6 ಬಂತು, ಸಕ್ರಿ ಜೊತಿ ದಿನಾ ಅರ್ಧ ತಾಸು ನಡಿಗಿನೂ ಇತ್ತು, ತೂಕ ನಾಕು ಕೆಜಿ ಇಳಿದಿತ್ತು. ಮುಂದಿನ ಟೆಸ್ಟ್ ದಸರಾ ಆದ ಮ್ಯಾಲ ಐತಿ, ತಾರೀಕು ಕ್ಯಾಲೆಂಡರ್ ಮ್ಯಾಲ ಗುಂಡಗ ಸುತ್ತಿಟ್ಟೀನಿ, ಈ ಸಲ ಅಕ್ಕನ್ನೂ ಕರ್ಕೊಂಡು ಹೋಗ್ತೀನಿ, ಅವಳು ಇನ್ನೂ ಒಂದು ಸಲಾನೂ ಮಾಡಿಸಿಲ್ಲ.